ಕಾಪುವಿನ ಭಜನೆಗೆ ಜಪಾನಿನ ಧಾಟಿ

ಕಾಪುವಿನ ನಮ್ಮ ಭಜನಾ ಮಂಡಳಿಗೆ ಮೂವತ್ತು ವರ್ಷಗಳಿಂದ ನಾನೇ ಸಂಗೀತ ಸಂಯೋಜಕ. ಸಂಯೋಜಿಸಿದ್ದು ಒಂದೇ ಧಾಟಿ, ಅದೂ ಕದ್ದದ್ದು.

ಮಸ್ಕತ್‌ನಲ್ಲಿದ್ದ ಭಾವ ಒಂದು ರಜೆಯಲ್ಲಿ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ತಂದಿದ್ದರು. ಅದರಲ್ಲೊಬ್ಬ ಪುಟ್ಟ ಯೋಧ ಹೊಂಡ ಹಾರಬೇಕು. ನನ್ನ ಕೈಯಲ್ಲಿ ಅವನು ಒಮ್ಮೆಯೂ ಹಾರಿದವನಲ್ಲ. ಬಿದ್ದಾಗಲೆಲ್ಲ ಆಟದ ಹಾಡು ಮೊದಲಿನಿಂದ ಶುರು. ಹೀಗೆ ಆಟ ಬಾರದೆ ಹಾಡು ಬಂತು. ಆ ಬೇಸಿಗೆಯಿಡೀ ಅಮ್ಮ ಮೀನು ಕೊಯ್ಯುತ್ತಾ ಅದನ್ನೇ ಗುನುಗುತ್ತಿದ್ದರು.

ಅದೇ ವರ್ಷ ಮಂಡಳಿಯ ಹಿರಿಯ ವಾಸಣ್ಣ, ಹಳೆಯ ದೇವಿ ಪದವೊಂದಕ್ಕೆ ಹೊಸ ಧಾಟಿ ಬೇಕೆಂದರು. ಹಾರ್ಮೋನಿಯಂ ಮೇಲೆ ಬೆರಳು ತಾನಾಗಿ ಅದನ್ನೇ ನುಡಿಸಿತು. ನಿನ್ನದೇ ಏನು ಎಂದು ಎಲ್ಲರೂ ಕೇಳಿದರು. ನಾನು ನಾಚಿ ಸುಮ್ಮನಾದೆ. ಅವರು ಅದನ್ನು ವಿನಯವೆಂದುಕೊಂಡರು. ಅಂದಿನಿಂದ ವರ್ಷದ ಭಜನೆ ಮುಗಿಸುವ ಪ್ರತಿ ಮಂಗಲೋತ್ಸವದಲ್ಲೂ ಮೈಕಿನಲ್ಲಿ ನನ್ನ ಹೆಸರು ಹೇಳಿಯೇ ಆ ಪದ ಎತ್ತುವುದು. ಹಿರಿಯಡ್ಕ, ಕಾರ್ಕಳದ ಮಂಡಳಿಗಳೂ ಕಲಿತು ಹಾಡಿದವು. ಒಂದು ಕಡೆ ಶಾಲು ಹೊದೆಸಿದರು. ಹೊದ್ದುಕೊಂಡೆ.

ಮೊನ್ನೆ ಮಣಿಪಾಲದಲ್ಲಿ ಓದುವ ಮಗಳು ಫೋನು ಹಿಡಿದುಕೊಂಡು ಓಡಿಬಂದಳು. ದೊಡ್ಡ ಸಭಾಂಗಣ, ಸಾಲು ಸಾಲು ಪಿಟೀಲು, ಮುಂದೆ ತಲೆಬಾಗಿ ನಿಂತ ಬಿಳಿಗೂದಲಿನ ಜಪಾನೀ ಹಿರಿಯರು. ನುಡಿಯುತ್ತಿದ್ದುದು ನಮ್ಮ ದೇವಿ ಪದ.

“ಪಪ್ಪಾ, ಇವರು ನಿಮ್ಮ ಧಾಟಿ ಕದ್ದಿದ್ದಾರೆ” ಎಂದಳು.

ಇಂಟರ್ನೆಟ್ಟಿನಲ್ಲಿ ಬರೆದು ಅವರ ಮಾನ ಕಳೆಯಲು ಹೊರಟೇ ಬಿಟ್ಟಿದ್ದಳು. ಅವಳಿಗೆ ನನ್ನ ಮೇಲೆ ಅಷ್ಟು ಹೆಮ್ಮೆ. ನಾಳೆ ಬರೆಯುವಿಯಂತೆ ಎಂದು ತಡೆದು, ಆ ಹಿರಿಯರ ಬಗ್ಗೆ ಹುಡುಕಿ ಓದಿದೆ. ಎಳೆಯ ಪ್ರಾಯದಲ್ಲಿ, ಆ ವಿಡಿಯೋ ಗೇಮ್ ಮಾಡಿದ ಕಂಪನಿಗೆ ಸಂಗೀತ ಕಟ್ಟಲು ಸೇರಿದವರು. ಆಗಿನ ಯಂತ್ರಕ್ಕೆ ಒಟ್ಟಿಗೆ ಮೂರ್ನಾಲ್ಕು ಸ್ವರ ಹೊರಡಿಸುವಷ್ಟೇ ತ್ರಾಣ. ಅದರಲ್ಲೇ, ನೂರು ಸಲ ಹೊಂಡಕ್ಕೆ ಬಿದ್ದವನಿಗೂ ಬೇಸರ ಬಾರದ ಒಂದು ನಿಮಿಷದ ಧಾಟಿ ಕಟ್ಟಬೇಕು. ನಮ್ಮ ಭಜನೆಯದೂ ಇದೇ ಕಷ್ಟ ನೋಡಿ. ಒಂದೇ ಸಾಲನ್ನು ಎಷ್ಟು ಸುತ್ತು ಹಾಡಿದರೂ ಹಳತಾಗಬಾರದು. ಆ ಹಿರಿಯರನ್ನು ಇನ್ನೊಂದು ಕಂಪನಿ ಸೆಳೆದುಕೊಂಡೀತೆಂಬ ಭಯಕ್ಕೆ ಆಟದಲ್ಲಿ ಅವರ ಹೆಸರನ್ನೇ ಹಾಕುತ್ತಿರಲಿಲ್ಲವಂತೆ. ಅಲ್ಲಿ ಅವರು ಹೆಸರಿಲ್ಲದೆ ಕಟ್ಟಿದ ಧಾಟಿಗೆ ಇಲ್ಲಿ ನಾನು ಶಾಲು ಹೊದ್ದಿದ್ದೆ.

ಮಗಳಿಗೆ ನಿಜ ಹೇಳಿದೆ. ಎರಡು ದಿನ ಅವಳು ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ವಾಸಣ್ಣನಿಗೂ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತಾ ಎಲ್ಲ ಕೇಳಿಸಿಕೊಂಡರು.

“ಅವರು ಇದ್ದಾರಲ್ಲ? ಒಂದು ಕಾಗದ ಹಾಕು ಮಾರಾಯ. ಇಲ್ಲಿ ದೇವಿಯ ಎದುರು ಅವರ ಪದ ಉಂಟು ಅಂತ ಅವರಿಗೆ ಗೊತ್ತಾಗಬೇಕಲ್ವಾ?” ಎಂದರು.

ಇಂಗ್ಲಿಷಿನಲ್ಲಿ ಕಾಗದ ಬರೆದುಕೊಟ್ಟದ್ದು ಮಗಳೇ. ಈ ಸಲದ ಮಂಗಲೋತ್ಸವದಲ್ಲಿ ವಾಸಣ್ಣ ಆ ಜಪಾನೀ ಹೆಸರನ್ನು ಮೂರು ಸಲ ತಡವರಿಸಿ, ಕೊನೆಗೂ ಸರಿಯಾಗಿ ಹೇಳಿ ಪದ ಎತ್ತಿದರು. ಮಗಳು ನನ್ನ ಪಕ್ಕದಲ್ಲಿ ತಾಳ ಹಿಡಿದು ಕೂತಿದ್ದಳು. ಯಾರಾದರೂ ಗುರುತು ಹಿಡಿದಾರೆಂಬ ಅಂಜಿಕೆಯಲ್ಲೇ ಇಷ್ಟು ವರ್ಷ ನುಡಿಸಿದವನಿಗೆ, ಆ ಧಾಟಿ ಎಷ್ಟು ಚೆನ್ನಾಗಿದೆಯೆಂದು ಅಂದೇ ಮೊದಲು ಕೇಳಿಸಿದ್ದು.