ಕ್ಲೈವ್ ಚೆಲ್ಲಿದ ಬಿಲ್ಲೆಗಳು

ಬ್ಯಾಲರಟ್ ಊರಿನ ನಮ್ಮ ಕ್ಯಾಮೆರಾ ಕ್ಲಬ್ಬಿನ ಕ್ಲೈವ್‌ದು, ಅಂಗಿಗುಂಡಿಯಂಥ ಪುಟ್ಟ ಬ್ಯಾಟರಿಗಳು ಮಕ್ಕಳ ಕೈಗೆ ಸಿಗದಂತೆ ಮುಚ್ಚಳಕ್ಕೆ ಸ್ಕ್ರೂ ಇರಬೇಕೆಂಬ ಕಾನೂನು ಬಂದಾಗಿನಿಂದ ಒಂದೇ ರಾಗ: “ಕ್ಯಾಮೆರಾ ರಿಮೋಟಿಗೂ ಸ್ಕ್ರೂ ಅಂತೆ ಕಣ್ರೋ! ಮಕ್ಕಳನ್ನ ನೋಡ್ಕೊಳ್ಳೋಕೆ ಹೆಂಗಸರಿಲ್ವಾ?” ಸ್ಕ್ರೂ ಬಿಗಿಯುವ ತಾಳ್ಮೆ ಅವನಿಗಿಲ್ಲ; ರಿಮೋಟಿನ ಮುಚ್ಚಳ ಸದಾ ಬಾಯಿ ತೆರೆದೇ ಇರುತ್ತದೆ. ನುಂಗಿದರೆ ಮಗುವಿನ ಗಂಟಲನ್ನೇ ಸುಡುವ ಆ ಬ್ಯಾಟರಿ ಬಿಲ್ಲೆಗಳನ್ನು ಹಳೆಯ ಫಿಲ್ಮ್ ಡಬ್ಬಿಗೆ ತುಂಬಿ ಸೋಫಾದ ಮೇಲೆ ಎಸೆದಿರುತ್ತಾನೆ; ಕೆಲವು ಅದರ ಕೆಳಗೂ ಉರುಳಿರುತ್ತವೆ. ಮೊಮ್ಮಗಳು ಆ ಡಬ್ಬಿಯನ್ನು ಗಿಲಕಿಯೆಂದು ಆಡಿಸುತ್ತಿದ್ದುದನ್ನು ಕಂಡಂದಿನಿಂದ ಮಗಳು ಟೆಸ್ ಮಗುವನ್ನು ಕರೆತಂದಿಲ್ಲ. ಹೆಂಡತಿ ನೋರೀನ್ ಮಾತ್ರ ಪ್ರತಿ ಶನಿವಾರ ಸೋಫಾ ಸರಿಸಿ, ಸಿಕ್ಕ ಬ್ಯಾಟರಿಗಳಿಗೆ ಟೇಪು ಸುತ್ತಿಟ್ಟು ಮಗಳಿಗೆ ಫೋನ್ ಮಾಡುತ್ತಾಳೆ: “ಎಲ್ಲಾ ಆರಿಸಿದ್ದೀನಿ ಕಣೇ, ನಾಳೆ ಬಾ.” “ನೀನು ಆರಿಸ್ತೀಯಮ್ಮ. ಅಪ್ಪ ಚೆಲ್ಲೋದು ಬಿಟ್ರಾ?” ನೋರೀನ್ ಕ್ಲೈವ್ ಕೂತಿರುವ ಪಕ್ಕದ ಕೋಣೆಯತ್ತ ನೋಡುತ್ತಾಳೆ. “ಇನ್ನೊಂದು ಸಲ ಗುಡಿಸ್ತೀನಿ,” ಎನ್ನುತ್ತಾಳೆ.