ಒಂದು ಪದದ ನಡುವಿನ ಉಸಿರು

ಭಾವಗೀತೆಗಳ ಗಾಯನದ ಚರಿತ್ರೆಯನ್ನು ಬರೆದ ವಿದ್ವಾಂಸರು ಗಾಯಕರನ್ನು ನೆನೆದಿದ್ದಾರೆ, ಸಂಯೋಜಕರನ್ನು ಕೊಂಡಾಡಿದ್ದಾರೆ, ಹಾರ್ಮೋನಿಯಂ ನುಡಿಸಿದವರಿಗೂ ಒಂದೊಂದು ಸಾಲು ಕೊಟ್ಟಿದ್ದಾರೆ. ವೃಂದಗಾನದ ಹಿಂದಿನ ಸಾಲಿನಲ್ಲಿ ನಿಂತವರ ಕಡೆಗೆ ಮಾತ್ರ ಅವರ ಕಣ್ಣು ಹಾಯ್ದಿಲ್ಲ. ಆ ಸಾಲಿನ ಕಟ್ಟಕಡೆಯ ಜಾಗದಲ್ಲಿ, ಮೈಕಿಗೆ ಎಲ್ಲರಿಗಿಂತ ದೂರದಲ್ಲಿ, ಮೂವತ್ತಮೂರು ವರ್ಷ ನಿಂತು ಹಾಡಿ, ಈ ತಿಂಗಳ ಕೊನೆಗೆ ರೇಡಿಯೊ ಕೇಂದ್ರದ ಸಂಗೀತ ವಿಭಾಗದಿಂದ ನಿವೃತ್ತರಾಗುತ್ತಿರುವ ನಮ್ಮೆಲ್ಲರ ಅಕ್ಕನಿಗೆ ಶಿಷ್ಯವೃಂದ ಈ ಸಂಪುಟವನ್ನು ಅರ್ಪಿಸುತ್ತಿದೆ.

ಇದಕ್ಕೆ ಮಾಜಿ ನಿರ್ದೇಶಕರೂ ಈಗಿನ ಗೌರವ ಸಲಹೆಗಾರರೂ ಆಗಿರುವ, ಕೇಂದ್ರದಲ್ಲಿ ಎಲ್ಲರೂ ‘ದೊಡ್ಡವರು’ ಎಂದೇ ಕರೆಯುವ ಹಿರಿಯರು ಎಂಟು ಪುಟಗಳ ಮುನ್ನುಡಿಯನ್ನು ಅನುಗ್ರಹಿಸಿದ್ದಾರೆ. ಅದರ ತುಂಬ ಅವರ ಹಾಡುಗಳು ಹುಟ್ಟಿದ ಕಥೆಗಳಿವೆ. ಅಕ್ಕನ ಬಗ್ಗೆ ಎರಡು ವಾಕ್ಯಗಳಿವೆ: ಅಕ್ಕ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ಅಕ್ಕ ಯಾರೊಂದಿಗೂ ಜಗಳವಾಡಿದವರಲ್ಲ. ಎರಡೂ ನಿಜವೇ. ಎರಡನೆಯದರಿಂದ ಯಾರಿಗೆ ಅನುಕೂಲವಾಯಿತು ಎಂಬುದನ್ನು ಹೇಳಲು ಈ ಲೇಖನ.

ಅಕ್ಕ ಕೇಂದ್ರಕ್ಕೆ ಸೇರಿದಾಗ ಅವರಿಗೆ ಇಪ್ಪತ್ತೇಳು. ತಂದೆ ದರ್ಜಿ, ತಾಯಿ ಇರಲಿಲ್ಲ. ಚಿಕ್ಕಂದಿನಿಂದ ಬೆನ್ನಿಗೆ ಬಿದ್ದ ಉಬ್ಬಸವಿತ್ತು. ದನಿ ಕೇಳಿದವರು ಮುಂದಿನ ಸಾಲಿಗೆ ಎಂದರು, ಉಸಿರು ಕೇಳಿದವರು ಹಿಂದಿನ ಸಾಲಿಗೆ ಎಂದರು. ಎದೆಯ ಸುಯ್ಯೆನ್ನುವ ಸದ್ದು ಮೈಕಿಗೆ ಬೀಳುತ್ತದೆಂಬ ಕಾರಣಕ್ಕೆ ಹಿಂದಿನ ಸಾಲೇ ಗಟ್ಟಿಯಾಯಿತು. ಅಲ್ಲಿ ನಿಂತೇ ಅವರು ಹೊಸಬರಿಗೆಲ್ಲ ಉಸಿರಾಡಲು ಕಲಿಸಿದರು. ಪಕ್ಕದವಳ ದನಿ ಏರಿದ ಕ್ಷಣದಲ್ಲಿ ನೀನು ಉಸಿರು ಕದಿ, ಅಕ್ಕಪಕ್ಕದ ಇಬ್ಬರು ಒಟ್ಟಿಗೆ ಕದಿಯಬೇಡಿ, ಕೇಳುವವರಿಗೆ ಹಾಡು ಎಲ್ಲಿಯೂ ತುಂಡಾಗಬಾರದು, ಇದು ಅವರ ಪಾಠ. ನಮ್ಮಲ್ಲಿ ಅದಕ್ಕೆ ‘ಕಳ್ಳ ಉಸಿರು’ ಎಂದು ಹೆಸರು. ತನಗೇ ಉಸಿರಿಗೆ ಬರವಿದ್ದವರು ಊರಿಗೆಲ್ಲ ಉಸಿರು ಹಂಚಿದರು.

ಈ ಸಾಲುಗಳನ್ನು ಬರೆಯುತ್ತಿರುವ ಶಿಷ್ಯೆ ಕೇಂದ್ರಕ್ಕೆ ಬಂದದ್ದು ಹದಿಮೂರು ವರ್ಷದ ಹಿಂದೆ. ಮೊದಲನೆಯ ಧ್ವನಿಮುದ್ರಣದ ದಿನ ತಾಳದ ಒಂದು ಮಾತ್ರೆ ಮೊದಲೇ ಬಾಯಿ ತೆರೆದು ಬಿಟ್ಟಳು. ಗಾಜಿನ ಆಚೆಯಿಂದ ದೊಡ್ಡವರು, “ಯಾರದು?” ಎಂದು ಗುಡುಗಿದರು. ಕೆಲಸ ಕೈಗೆ ಬರುವ ಮೊದಲೇ ಹೋಯಿತೆಂದು ಅವಳು ಕಣ್ಣು ಮುಚ್ಚಿಕೊಂಡಾಗ ಹಿಂದಿನಿಂದ ಒಂದು ಕೈ ಮೇಲೆದ್ದಿತು.

“ನನ್ನದೇ ತಪ್ಪು ಸರ್,” ಎಂದರು ಅಕ್ಕ.

ಹೀಗೆ ಇನ್ನೊಬ್ಬರ ತಪ್ಪನ್ನು ತಮ್ಮದೆಂದು ಒಪ್ಪಿಕೊಂಡ ಅಕ್ಕನಿಗೆ, ತಮ್ಮದನ್ನು ತಮ್ಮದೆಂದು ಹೇಳಿಕೊಳ್ಳುವ ಅವಕಾಶ ಮಾತ್ರ ಸಿಗಲಿಲ್ಲ.

ಮುನ್ನುಡಿಯ ಮೂರನೆಯ ಪುಟದಲ್ಲಿ ಒಂದು ಪ್ರಸಿದ್ಧ ಗೀತೆಯ ಏಳು ಮಾತ್ರೆಯ ಲಯ, ಕಡಲ ತೀರದಲ್ಲಿ ಒಂಟಿಯಾಗಿ ಕುಳಿತಿದ್ದಾಗ ಅಲೆಗಳು ಕೊಟ್ಟ ವರವೆಂದು ದೊಡ್ಡವರು ಬರೆದಿದ್ದಾರೆ. ಕಡಲಿಗೆ ಈ ವಿಷಯ ತಿಳಿದಿರಲಾರದು. ಆ ಲಯ ಹುಟ್ಟಿದ್ದು ಎರಡನೇ ಸ್ಟುಡಿಯೊದ ಸೀಲಿಂಗ್ ಫ್ಯಾನಿನಲ್ಲಿ. ಊಟದ ಬಿಡುವಿನಲ್ಲಿ ಅಕ್ಕ ಅದರ ಕೆಳಗೆ ಕುಳಿತು, ಅದು ಕಿರ್ರೆಂದಾಗಲೆಲ್ಲ ಒಂದು ಸ್ವರ ಜೋಡಿಸುತ್ತ ಗುನುಗುತ್ತಿದ್ದರು. ಕೇಂದ್ರದ ಎಲೆಕ್ಟ್ರಿಷಿಯನ್ ಈಗಲೂ ಆ ದಿನವನ್ನು ನೆನೆದು ನಗುತ್ತಾರೆ: “ಫ್ಯಾನಿಗೆ ಎಣ್ಣೆ ಬಿಟ್ಟು ಇಳೀತಿದ್ದೆ. ಅಕ್ಕ ಓಡಿ ಬಂದು, ‘ಅಯ್ಯೋ, ಸದ್ದೇ ನಿಲ್ಲಿಸ್ಬಿಟ್ರಲ್ರೀ, ಇನ್ನೂ ಎರಡನೇ ಚರಣ ಬಾಕಿ ಇತ್ತು!’ ಅಂದ್ರು.”

ದೊಡ್ಡವರ ಪದ್ಧತಿ ಸರಳವಾಗಿತ್ತು. ಬಿಡುವಿನ ಹೊತ್ತಿನಲ್ಲಿ ಹಾದುಹೋಗುವರು, ಬಾಗಿಲಲ್ಲಿ ನಿಲ್ಲುವರು, “ಅದೇನಮ್ಮಾ ಅದು, ಇನ್ನೊಂದ್ಸಲ ಹೇಳಿ,” ಎನ್ನುವರು. ಕೈಯಲ್ಲಿ ಪುಟ್ಟ ಟೇಪ್ ರೆಕಾರ್ಡರ್ ಇರುತ್ತಿತ್ತು. ವಾರ ಕಳೆದ ಮೇಲೆ ಅದೇ ರಾಗ ಹಾಳೆಯ ಮೇಲೆ ಅವರ ಹೆಸರು ಹೊತ್ತು ಬರುತ್ತಿತ್ತು. ಅಕ್ಕ ಒಮ್ಮೆ ಧೈರ್ಯ ಮಾಡಿ, “ಸರ್, ಇದು ನಂದು ಅಂತ ಎಲ್ಲಾದ್ರೂ ಒಂದು ಮಾತು ಬರೀತೀರಾ?” ಎಂದು ಕೇಳಿದ್ದುಂಟು. “ಕೋರಸ್ಸಿನವರದ್ದನ್ನ ಬರೆಯೋ ಪದ್ಧತಿ ಇಲ್ಲಮ್ಮ. ಮುಂದಿನ ಸಲ ನೋಡೋಣ,” ಎಂಬ ಉತ್ತರ ಬಂದಿತು. ಆ ಮುಂದಿನ ಸಲಕ್ಕೆ ಕಾಯುವುದರಲ್ಲಿ ಅಕ್ಕನ ತಲೆ ಬೆಳ್ಳಗಾಯಿತು.

ಇನ್ನು ಕೊಡೆಯ ಹಾಡು. ಶಾಲೆಗೆ ಹೋದವರಲ್ಲಿ ಅದನ್ನು ಹಾಡದವರು ವಿರಳ.

ಅಕ್ಕನ ತಂದೆಗೆ ಮರೆವು ಹತ್ತಿಕೊಂಡಿತ್ತು. ಬೆಳಿಗ್ಗೆ ಅಂಗಡಿಗೆ ಹೊರಟವರು ಕೊಡೆ ಬಿಟ್ಟು ಹೋಗುವರು, ತಿರುವು ತಪ್ಪುವರು, ಅಪರಿಚಿತರ ಮೆಟ್ಟಿಲ ಮೇಲೆ ಕುಳಿತುಬಿಡುವರು. ನೆನಪಿಸಿದರೆ ಕೆಂಡಾಮಂಡಲ: “ನಂಗೇನು ಅರಳುಮರಳಾ?” ಹೇಳಿದರೆ ಸಿಟ್ಟು, ಹಾಡಿದರೆ ಸಿಟ್ಟಿಲ್ಲ ಎಂಬುದನ್ನು ಮಗಳು ಕಂಡುಕೊಂಡರು. ದಿನಾ ಬಾಗಿಲಲ್ಲಿ ನಿಂತು, ತಂದೆಯ ಹೊಲಿಗೆ ಯಂತ್ರದ ತುಳಿತದ ಲಯಕ್ಕೆ, ಹಾಡಿ ಕಳುಹಿಸತೊಡಗಿದರು:

ಕೊಡೆಯ ಮರೆಯದಿರು, ತಿರುವ ಮರೆಯದಿರು,
ತಿರುಗಿ ಬರುವ ಹೊತ್ತಿಗೆ ಕರೆವ ದನಿಯ ಮರೆಯದಿರು.

ಇದರ ಸುದ್ದಿ ದೊಡ್ಡವರ ಕಿವಿಗೆ ಬಿದ್ದು, ಅವರು ಒಂದು ಮಧ್ಯಾಹ್ನ ಅಕ್ಕನನ್ನು ತಮ್ಮ ಕೋಣೆಗೆ ಕರೆಸಿ ಹಾಡಿಸಿಕೊಂಡರು. ಹಾಡು ದೊಡ್ಡವರ ಹೆಸರಿನಲ್ಲಿ ಹೊರಬಂದಾಗ ಕೊನೆಯ ಪದ ಎರಡಾಗಿತ್ತು. ‘ಮರೆ’ ಎಂದು ಹಾಡಿ, ಒಂದು ಮಾತ್ರೆ ಸುಮ್ಮನಿದ್ದು, ಆಮೇಲೆ ‘ಯದಿರು’ ಎನ್ನಬೇಕು. ಶಾಲೆಗಳಲ್ಲಿ ಶಿಕ್ಷಕಿಯರು ಆ ಒಂದು ಮಾತ್ರೆಗೆ ಮೇಜು ಕುಟ್ಟಿ ಕಲಿಸಿದರು. ಮರೆ ಮತ್ತು ಮರೆಯದಿರು ಎಂಬೆರಡರ ನಡುವೆ ಮನುಷ್ಯ ತೂಗಾಡುವ ಶೂನ್ಯವನ್ನು ತಾವು ಅಲ್ಲಿ ಇರಿಸಿದ್ದಾಗಿ ದೊಡ್ಡವರು ಸಂದರ್ಶನಗಳಲ್ಲಿ ವಿವರಿಸಿದರು. ಕೊಡೆಯೆಂದರೆ ದೈವಕೃಪೆ ಎಂದು ಒಬ್ಬ ಪ್ರಾಧ್ಯಾಪಕರು ಪ್ರಬಂಧವನ್ನೇ ಬರೆದರು. ನಿಜವಾದ ಕೊಡೆ ಕರಿಯದಾಗಿತ್ತು, ಅದರ ಹಿಡಿ ಮುರಿದಿತ್ತು.

ತಂದೆಯ ಕೊನೆಯ ವರ್ಷದಲ್ಲಿ ಒಂದು ಸಂಜೆ ರೇಡಿಯೊದಲ್ಲಿ ಆ ಹಾಡು ಬಂದಿತು. ಮಗಳ ಗುರುತೂ ಅಳಿಸಿಹೋಗಿದ್ದ ಮುದುಕರು ತಲೆದೂಗುತ್ತ, “ಯಾರೋ ಚೆನ್ನಾಗಿ ಕಟ್ಟಿದ್ದಾರೆ,” ಎಂದರು.

“ಹೂಂ ಅಪ್ಪ. ಯಾರೋ ದೊಡ್ಡವರು,” ಎಂದರು ಅಕ್ಕ.

ಈ ಮಾತನ್ನು ಅಕ್ಕ ಈಚೆಗಷ್ಟೇ ಈ ಶಿಷ್ಯೆಗೆ ನಗುತ್ತಲೇ ಹೇಳಿದರು.

ಈಚಿನ ಹತ್ತು ವರ್ಷಗಳಲ್ಲಿ ಒಳ್ಳೆಯ ವೈದ್ಯರೂ ಇನ್‌ಹೇಲರೂ ಸಿಕ್ಕು ಅಕ್ಕನ ಉಬ್ಬಸ ಹತೋಟಿಗೆ ಬಂದಿತ್ತು. ಕಳೆದ ತಿಂಗಳು ಕೇಂದ್ರದ ಸುವರ್ಣ ವರ್ಷಕ್ಕೆಂದು ಕೊಡೆಯ ಹಾಡನ್ನು ಹೊಸದಾಗಿ ಮುದ್ರಿಸುವುದಾಯಿತು. ಅದೇ ಅಕ್ಕನ ಸೇವೆಯ ಕಡೆಯ ಧ್ವನಿಮುದ್ರಣ. ಗಾಜಿನ ಆಚೆ ದೊಡ್ಡವರು ಕುಳಿತಿದ್ದರು. ಕೊನೆಯ ಸಾಲಿನಲ್ಲಿ ವೃಂದವೆಲ್ಲ ‘ಮರೆ’ ಎಂದು ನಿಂತಿತು. ಹಿಂದಿನ ಸಾಲಿನಿಂದ ಒಂದು ದನಿ ಮಾತ್ರ ನಿಲ್ಲದೆ ‘ಮರೆಯದಿರು’ ಎಂದು ದಾಟಿಹೋಯಿತು.

ವೃಂದವನ್ನು ನಡೆಸುತ್ತಿದ್ದವಳು ಕೈಯೆತ್ತಿ ನಿಲ್ಲಿಸಿದಳು. “ಅಕ್ಕ, ಅಲ್ಲಿ ತಡೆ ಇದೆ.”

ಮತ್ತೆ ಹಾಡಿದರು. ಮತ್ತೆ ಆ ದನಿ ನಿಲ್ಲಲಿಲ್ಲ. ಮೂರನೆಯ ಸಲಕ್ಕೆ ನಡೆಸುವವಳ ತಾಳ್ಮೆ ಕೆಟ್ಟಿತು. “ಇಷ್ಟು ವರ್ಷ ಹಾಡಿದ್ದೀರಿ, ಇಷ್ಟೂ ಗೊತ್ತಾಗಲ್ವಾ? ಎಲ್ಲರ ಹಾಡು ಕೆಡಿಸ್ತಿದ್ದೀರಿ.”

ಅಕ್ಕ ಅವಳನ್ನು ನೋಡಲಿಲ್ಲ, ಗಾಜಿನ ಕಡೆ ನೋಡಿದರು. ದೊಡ್ಡವರು ಹಾಳೆಯಿಂದ ತಲೆಯೆತ್ತದೆ ಗುಂಡಿ ಒತ್ತಿ, “ಮೂಲ ಹೇಗಿದೆಯೋ ಹಾಗೇ ಹಾಡಿ,” ಎಂದರು.

“ನನ್ನದೇ ತಪ್ಪು ಸರ್,” ಎಂದರು ಅಕ್ಕ. ನಾಲ್ಕನೆಯ ಸಲ ಎಲ್ಲರೊಂದಿಗೆ ನಿಂತರು.

ಅಂದು ಅಕ್ಕನನ್ನು ಅಕ್ಕನ ಹಾಡಿನಲ್ಲೇ ತಿದ್ದಿದವಳು ಈ ಲೇಖನವನ್ನು ಬರೆಯುತ್ತಿದ್ದಾಳೆ.

ಅವಳಿಗೆ ಆಗ ಗೊತ್ತಿರಲಿಲ್ಲ. ಎಂಟನೆಯ ವಯಸ್ಸಿನಲ್ಲಿ ಮೇಜು ಕುಟ್ಟಿಸಿಕೊಂಡು ಕಲಿತದ್ದನ್ನೇ ಅವಳು ಕಲಿಸುತ್ತ ಬಂದಿದ್ದಳು. ಗೊತ್ತಿರಲಿಲ್ಲ ಎಂಬುದು ಕ್ಷಮೆಗೆ ಕಾರಣವೇನೂ ಅಲ್ಲ. ಈ ಸಂಪುಟಕ್ಕೆ ಮಾಹಿತಿ ಹುಡುಕುತ್ತ ಸಂಗ್ರಹದ ಕೋಣೆಯ ಕಪಾಟಿನಲ್ಲಿ, ಮೇಲೆ ‘ಕೊಡೆ, ಕೋರಸ್ ಹುಡುಗಿ’ ಎಂದು ದೊಡ್ಡವರ ಕೈಬರಹವಿದ್ದ ಒಂದು ಕ್ಯಾಸೆಟ್ ಅವಳಿಗೆ ಸಿಕ್ಕಿತು. ಅದರಲ್ಲಿ ಮೊದಲು ಬಾಗಿಲು ತೆರೆಯುವ ಸದ್ದಿದೆ. “ಲಿಫ್ಟ್ ಕೆಟ್ಟಿದೆ ಸರ್, ನಾಲ್ಕು ಮಹಡಿ ಹತ್ತಿ ಬಂದೆ,” ಎಂದು ಏದುಸಿರು ಬಿಡುವ ಒಂದು ಎಳೆಯ ದನಿಯಿದೆ. ಆಮೇಲೆ ಹಾಡು. ಕೊನೆಯ ಸಾಲಿನಲ್ಲಿ ‘ಮರೆ’ ಎಂಬಲ್ಲಿ ದನಿ ಕತ್ತರಿಸುತ್ತದೆ, ಎದೆ ಸುಯ್ಯೆನ್ನುತ್ತದೆ, ‘ಯದಿರು’ ಬರುತ್ತದೆ.

“ಕ್ಷಮಿಸಿ ಸರ್, ಉಸಿರು ಸಾಲ್ಲಿಲ್ಲ. ಇನ್ನೊಂದ್ಸಲ ಸರಿಯಾಗಿ ಹಾಡ್ತೀನಿ.”

“ಬೇಡ, ಸಾಕು,” ಎನ್ನುತ್ತದೆ ದೊಡ್ಡವರ ದನಿ. ಅಲ್ಲಿಗೆ ಕ್ಯಾಸೆಟ್ ಮುಗಿಯುತ್ತದೆ.

ಮಾರನೆಯ ದಿನ ಅವಳು ಅಕ್ಕನ ಮನೆಗೆ ಹೋಗಿ ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ನಿಂತಳು. ಅಕ್ಕ ಬಟ್ಟೆ ಮಡಚುತ್ತಿದ್ದರು. “ಬಿಡೆ, ನೀನು ಕಲಿತ ಹಾಗೆ ಹೇಳಿದೆ,” ಎಂದರು. ಇನ್ನೊಂದು ಸೀರೆ ಕೈಗೆತ್ತಿಕೊಂಡು ಅವರೇ, “ಹಾಡು ಅವರೇ ಇಟ್ಕೊಳ್ಳಲಿ. ಅಪ್ಪನಿಗೆ ನಾನು ಮರೆ ಅಂತ ಹೇಳಿದವಳಲ್ಲ ಕಣೆ. ಹೋಗೋ ಮುಂಚೆ ಒಂದ್ಸಲ, ಒಂದೇ ಒಂದ್ಸಲ, ಆ ಪದ ರೆಕಾರ್ಡಿಂಗಿನಲ್ಲಿ ಪೂರ್ತಿ ಹಾಡಿ ಹೋಗ್ಬೇಕು ಅಂತಿತ್ತು,” ಎಂದರು. ಆ ಒಂದು ಸಲವನ್ನೇ ಶಿಷ್ಯೆ ಮೂರು ಬಾರಿ ಕೈಯೆತ್ತಿ ಕಿತ್ತುಕೊಂಡಿದ್ದಳು.

ಬೀಳ್ಕೊಡುಗೆಯ ದಿನ ಐವತ್ತು ಮಕ್ಕಳು ಕೊಡೆಯ ಹಾಡನ್ನು ಹಾಡಲಿದ್ದಾರೆ. ಆಮಂತ್ರಣದಲ್ಲಿ ಸಂಯೋಜನೆ ದೊಡ್ಡವರದೆಂದೇ ಅಚ್ಚಾಗಿದೆ. ಮಕ್ಕಳೂ ಕಲಿತಂತೆಯೇ ಹಾಡುತ್ತಾರೆ, ಅವರನ್ನು ಈಗ ತಿದ್ದಿ ಪ್ರಯೋಜನವಿಲ್ಲ. ಅಕ್ಕ ನೂರು ಕಾಲ ಬಾಳಲಿ, ಎದೆ ಹಗುರವಾಗಿರಲಿ, ಕಿರುಗುಟ್ಟುವ ಫ್ಯಾನುಗಳ ಕೆಳಗೆ ಇನ್ನೂ ಹಲವು ಹಾಡುಗಳನ್ನು ಕಟ್ಟಲಿ, ಕಟ್ಟುವಾಗ ಬಾಗಿಲ ಚಿಲಕ ಹಾಕಿಕೊಳ್ಳಲಿ ಎಂಬುದು ಶಿಷ್ಯವೃಂದದ ಹಾರೈಕೆ. ಅವರಲ್ಲಿ ಒಂದು ಬಿನ್ನಹವೂ ಇದೆ. ಅಂದು ಕೊನೆಯ ಸಾಲಿನಲ್ಲಿ ಮಕ್ಕಳೆಲ್ಲ ‘ಮರೆ’ ಎಂದು ನಿಂತಾಗ, ಅಕ್ಕ, ದಯವಿಟ್ಟು ನೀವು ನಿಲ್ಲಬೇಡಿ. ಆ ಒಂದು ಮಾತ್ರೆಯ ಹೊತ್ತು ಸಭೆಯಲ್ಲಿ ಬೇರೆ ಯಾರ ದನಿಯೂ ಇರುವುದಿಲ್ಲ. ಅಂದು ಯಾರೂ ಕೈ ಎತ್ತುವುದಿಲ್ಲ.