ಭವಿಯ ಸಾಕ್ಷಿ

ಆತನ ಹೆಸರು ಬರೆಯುವುದಿಲ್ಲ. ಬರೆದು ಆತನನ್ನು ದೊಡ್ಡವನನ್ನಾಗಿ ಮಾಡುವ ಮನಸ್ಸಿಲ್ಲ. ರಾಜೇಶ್ವರದಲ್ಲಿ ನಮ್ಮ ಹೊಲದ ಮಗ್ಗುಲಿಗೇ ಆತನ ಹೊಲ. ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಆತ ಬಾಂದಗಲ್ಲು ಕಿತ್ತು ನಮ್ಮ ಹೊಲದೊಳಗೆ ನಾಲ್ಕು ಮಾರು ಸರಿಸಿ ನೆಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಆಗ ನನಗೆ ಹದಿನೆಂಟು ವರ್ಷ.

ಪಂಚರು ಸೇರಿದರು. ನಮ್ಮ ಜನರಲ್ಲಿ ಇಂಥ ತಂಟೆಗೆ ಕೊನೆಯ ಮಾತೆಂದರೆ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಆಣೆ ಮಾಡುವುದು. ಆತ ಹಣೆತುಂಬ ವಿಭೂತಿ ಬಳಿದುಕೊಂಡು ಬಂದು, ಕಲ್ಲು ಮುಟ್ಟಿಲ್ಲವೆಂದು ಲಿಂಗ ಹಿಡಿದು ಹೇಳಿದ. ನಾನು ಎದ್ದು ನಿಂತು, ನೋಡಿದ್ದೇನೆ ಎಂದೆ.

“ಲಿಂಗ ಹಿಡಕೊಂಡು ಹೇಳವ್ವ,” ಎಂದರು ಹಿರಿಯ ಪಂಚರು.

ನನ್ನ ಕೊರಳು ಬರಿದು. ದೇವರನ್ನು ನಂಬದ ಅಪ್ಪ ತಾನೂ ಲಿಂಗ ಬಿಟ್ಟಿದ್ದ, ನನಗೂ ಕಟ್ಟಿಸಿರಲಿಲ್ಲ. ಲಿಂಗವಿಲ್ಲದವರಿಗೆ ನಮ್ಮಲ್ಲಿ ಭವಿ ಅನ್ನುತ್ತಾರೆ.

“ಭವಿ ಮಾತು ಹ್ಯಾಂಗ ನಂಬೋದ್ರಿ? ದೇವರ ಅಂಜಿಕಿ ಇಲ್ಲದಾಕಿ ಏನು ಬೇಕಾದ್ದು ಹೇಳತಾಳ,” ಎಂದು ಆತ ನಕ್ಕ. ಪಂಚರೂ ತಲೆಯಾಡಿಸಿದರು. ಹೊಲದ ಆ ಪಟ್ಟಿ ಹೋಯಿತು. ಮಗಳು ಸುಳ್ಳಿ ಎನಿಸಿಕೊಂಡಳೆಂಬ ಕೊರಗಿನಲ್ಲಿ ಅಪ್ಪ ಚಾವಡಿಯ ಕಡೆ ಹೋಗುವುದನ್ನೇ ಬಿಟ್ಟ. ಆತನ ಮನೆ ಹಾಳಾಗಲಿ ಎಂದು ನಾನು ದಿನಾ ಬಯಸಿದೆ. ಕೇಳಿಕೊಳ್ಳಲು ದೇವರಿರಲಿಲ್ಲ, ಸುಮ್ಮನೆ ಕಾದೆ.

ಹದಿನೈದು ವರ್ಷದ ಮೇಲೆ, ನಾನು ಬಸವಕಲ್ಯಾಣದಲ್ಲಿ ಶಾಲೆಯ ಅಕ್ಕೋರಾಗಿದ್ದಾಗ, ಆತ ನನ್ನ ಬಾಗಿಲಿಗೆ ಬಂದ. ಹುಮನಾಬಾದ ಬಜಾರಿನಲ್ಲಿ ಯಾರದೋ ತಲೆ ಒಡೆದನೆಂದು ಮಗನ ಮೇಲೆ ಕೇಸು. ಅದೇ ಹೊತ್ತಿನಲ್ಲಿ ಮಗ ನಾನಿದ್ದ ಬಸ್ಸಿನಲ್ಲಿದ್ದ. ದಾರಿಯಲ್ಲಿ ಪಂಕ್ಚರ್ ಆದಾಗ ಟಾಯರ್ ಎತ್ತಿಕೊಟ್ಟಿದ್ದ. ಆ ಬಸ್ಸಿನಲ್ಲಿ ಅವನ ಗುರುತಿನವಳು ನಾನೊಬ್ಬಳೇ.

“ಅಕ್ಕೋರ, ನೀವು ಒಂದು ಮಾತು ಹೇಳಿದರ ಮಗ ಜೈಲಿಗೆ ಹೋಗೋದು ತಪ್ಪತದರಿ.”

“ಭವಿ ಮಾತು ಯಾರು ನಂಬತಾರ್ರಿ?” ಎಂದು ಬಾಗಿಲು ಹಾಕಿಕೊಂಡೆ.

ಎಂಟು ದಿನ ಆತನನ್ನು ಅಲೆಸಿದೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನೋಡಿಲ್ಲ ಅಂದುಬಿಟ್ಟರೆ ಸಾಕಿತ್ತು, ತಡೆಯುವ ದೇವರೂ ಇರಲಿಲ್ಲ. ಆದರೆ ಹುಡುಗ ಬಸ್ಸಿನಲ್ಲಿದ್ದದ್ದು ನಿಜ. ಆ ನಿಜದ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಹಲ್ಲು ಕಚ್ಚಿಕೊಂಡೇ ಹುಮನಾಬಾದಿಗೆ ಹೋದೆ.

ಕೋರ್ಟಿನಲ್ಲಿ ದೇವರ ಮೇಲೆ ಪ್ರಮಾಣ ಮಾಡಿ ಎಂದಾಗ, ದೇವರನ್ನು ನಂಬುವುದಿಲ್ಲ, ಸತ್ಯವನ್ನೇ ಹೇಳುತ್ತೇನೆ ಎಂದೆ. ಹಿಂದೆ ಕುಳಿತಿದ್ದ ಆತ, “ದೇವರ ಹೆಸರು ತಗೋರಿ ಅಕ್ಕೋರ!” ಎಂದು ಕೂಗಿಯೇ ಬಿಟ್ಟ. ಆತ ಬೆವರುವುದನ್ನು ಕಣ್ತುಂಬ ನೋಡಿದೆ. ಜಡ್ಜ್ ಸಾಹೇಬರು ಒಪ್ಪಿ ನನ್ನ ಮಾತು ಬರೆಸಿಕೊಂಡರು. ಮಗ ಬಿಡುಗಡೆಯಾದ.

ಹೊರಗೆ, ಮಗನ ಎದುರಿಗೇ, ಆತ ನನ್ನ ಕಾಲಿಗೆ ಬಗ್ಗಿದ. ಕಾಲು ಹಿಂದಕ್ಕೆಳೆದುಕೊಂಡೆ.

“ದೇವರೇ ನಿಮ್ಮ ರೂಪದಾಗ ಬಂದನ್ರಿ.”

“ಅಂವ ಬಂದಿದ್ದರ ನಿಮ್ಮ ಸುಳ್ಳು ಆಣಿ ನೆನಸಿ ಮಗನ್ನ ಒಳಗ ಹಾಕತಿದ್ದ. ನಿಮ್ಮ ನಸೀಬು, ಬಂದಾಕಿ ನಾನು.”

ಬಸ್ ಸ್ಟ್ಯಾಂಡಿನ ಕಡೆ ಹೊರಟೆ. ಹಿಂದೆ ಮಗ ಕೇಳುತ್ತಿದ್ದ: “ಯಾವ ಆಣಿ, ಅಪ್ಪಾ?”